ಎಡಗಾಲಿನ ಗುರುತು

ಮಹಾನಂದಾಳ ಉಸ್ತುವಾರಿಯಲ್ಲಿ ಮುನ್ನೂರ ಹನ್ನೆರಡು ಕಾಲುಗಳಿದ್ದವು. ಅವುಗಳ ಒಡೆಯರಲ್ಲಿ ಹತ್ತು ಮಂದಿಯ ಮುಖವನ್ನೂ ಆಕೆ ಕಂಡವಳಲ್ಲ. ಕಾಣುವ ಅಗತ್ಯವೇ ಬೀಳುವುದಿಲ್ಲ ಎಂದು ಬಾಗಲಕೋಟೆಯ ಕಾಲ್ಗಾವಲು ಕೇಂದ್ರಕ್ಕೆ ಸೇರಿದ ದಿನವೇ ಆಕೆಗೆ ಹೇಳಿದ್ದರು. ಪರದೆಯ ಮೇಲೆ ಹಸಿರು ಚುಕ್ಕೆ ಇದ್ದರೆ ಕಾಲು ಕ್ಷೇಮ, ಹಳದಿಯಾದರೆ ಫೋನು ಮಾಡಬೇಕು, ಕೆಂಪಾದರೆ ಡಾಕ್ಟರು ನದಾಫರನ್ನು ಕರೆಯಬೇಕು. ಇಷ್ಟೇ ಕೆಲಸ.

ಬಲೂನು ಚಿಕಿತ್ಸೆಯೇನೂ ಹೊಸದಲ್ಲ. ತೊಡೆಯ ಸಂದಿಯಲ್ಲಿ ಸಣ್ಣ ತೂತು, ಅದರೊಳಗಿಂದ ಕೂದಲೆಳೆಯಂಥ ತಂತಿ, ತಂತಿಯ ಮೇಲೆ ಮಡಚಿ ಕೂತ ಬಲೂನು. ರಕ್ತನಾಳ ಎಲ್ಲಿ ಕಟ್ಟಿಕೊಂಡಿದೆಯೋ ಅಲ್ಲಿ ಅದನ್ನು ಉಬ್ಬಿಸಿದರೆ ಗೋಡೆಗೆ ಮೆತ್ತಿದ್ದ ಜಿಡ್ಡೆಲ್ಲ ಪಕ್ಕಕ್ಕೆ ಒತ್ತಿಕೊಂಡು ರಕ್ತಕ್ಕೆ ದಾರಿಯಾಗುತ್ತದೆ. ಅಜ್ಜಂದಿರ ಕಾಲದಿಂದ ಮಾಡುತ್ತ ಬಂದದ್ದೇ. ತೊಂದರೆ ಇದ್ದದ್ದು ಅದರ ಮುಂದಿನದರಲ್ಲಿ. ಮೊಣಕಾಲಿನ ಕೆಳಗಿನ ನಾಳಗಳು ಬಲು ಸಣ್ಣವು. ಇವತ್ತು ತೆರೆದದ್ದು ತಿಂಗಳೊಪ್ಪತ್ತಿನಲ್ಲಿ ಮತ್ತೆ ಮುಚ್ಚಿಕೊಳ್ಳುವುದುಂಟು. ಮುಚ್ಚಿದರೆ ಮತ್ತೆ ತಂತಿ ತೂರಿಸಬೇಕು. ತಂತಿ ತೂರದಿದ್ದರೆ ಕಾಲು ತೆಗೆಯಬೇಕು.

ಹೊಸದಾಗಿ ಬಂದದ್ದು ಪೊರೆ. ಬಲೂನು ಹೊರಗೆ ಬರುವಾಗ ತನ್ನ ಮೈಮೇಲಿನ ತೆಳು ಪೊರೆಯೊಂದನ್ನು ನಾಳದ ಗೋಡೆಗೆ ಅಂಟಿಸಿ ಬರುತ್ತಿತ್ತು. ಆ ಪೊರೆಗೆ ತಾನು ಉಬ್ಬಿದ್ದ ಅಳತೆಯ ನೆನಪಿತ್ತು. ನಾಳ ಮತ್ತೆ ಕುಗ್ಗತೊಡಗಿದರೆ ಹೊರಗಿನಿಂದ ಒಂದು ಆದೇಶ ಸಾಕು, ಪೊರೆ ಸೆಟೆದು ನಾಳವನ್ನು ಒಳಗಿನಿಂದಲೇ ಹಿಗ್ಗಿಸಿ ಹಾಗೆಯೇ ಗಟ್ಟಿಯಾಗುತ್ತಿತ್ತು. ಆದರೆ ಒಂದೇ ಸಲ, ಅದೂ ನಲವತ್ತು ದಿನದ ಒಳಗೆ. ಬಳಸದಿದ್ದರೆ ನಲವತ್ತನೆಯ ದಿನ ಅದು ರಕ್ತದಲ್ಲಿ ಕರಗಿಹೋಗುತ್ತಿತ್ತು.

ಆದೇಶವನ್ನು ಮುಟ್ಟಿಸುವುದು ಚಪ್ಪಲಿ. ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಪ್ರತಿ ರೋಗಿಗೂ ಒಂದು ಜೊತೆ ಕರಿ ಚಪ್ಪಲಿ ಕೊಡುತ್ತಿದ್ದರು. ಪಾದದ ನಾಡಿ, ಬಿಸುಪು, ಹೆಜ್ಜೆ, ತೂಕ ಎಲ್ಲವನ್ನೂ ಅದು ಅಳೆದು ಕೇಂದ್ರಕ್ಕೆ ಕಳಿಸುತ್ತಿತ್ತು. ದಿನಕ್ಕೆ ನಾಲ್ಕು ಸಾವಿರ ಹೆಜ್ಜೆ ಬೀಳದಿದ್ದರೆ ಕೀಂ ಎಂದು ಚೀರುತ್ತಿತ್ತು. ತಪ್ಪು ಕಾಲಿಗೆ ಆದೇಶ ಹೋಗದಿರಲೆಂದು ತೊಟ್ಟವರ ನಡಿಗೆಯ ಗುರುತನ್ನೂ ಇಟ್ಟುಕೊಳ್ಳುತ್ತಿತ್ತು. ರೋಗದ ಕಾಲಿನ ನಡಿಗೆ ದಿನಕ್ಕೊಂದು ಥರ ಇರುವುದರಿಂದ ಈ ಗುರುತನ್ನು ಗಟ್ಟಿ ಕಾಲಿನಿಂದಲೇ ತೆಗೆಯುತ್ತಿದ್ದರು. ತೂಕವನ್ನು ಮಾತ್ರ ಯಂತ್ರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನಮ್ಮ ಜನ ಕೊಡ ಹೊರುತ್ತಾರೆ, ಗಂಟು ಹೊರುತ್ತಾರೆ, ಮೊಮ್ಮಕ್ಕಳನ್ನು ಹೊರುತ್ತಾರೆ. ತೂಕ ನಂಬಿ ಕೂತರೆ ಕೆಲಸ ಕೆಟ್ಟಿತು ಎಂದು ಮೇಲಿನವರು ಅದನ್ನು ಬದಿಗಿಟ್ಟಿದ್ದರು.

ಗುಳೇದಗುಡ್ಡದ ಮಾಗುಂಡಪ್ಪನ ಬಲಗಾಲು ಮಹಾನಂದಾಳ ಪಟ್ಟಿಯಲ್ಲಿ ಇನ್ನೂರ ನಾಲ್ಕನೆಯದು. ವಯಸ್ಸು ಅರವತ್ತೊಂದು, ರವಿಕೆಯ ಖಣ ನೇಯುವವನು, ನಲವತ್ತು ವರ್ಷ ಬೀಡಿ, ಹದಿನೈದು ವರ್ಷ ಸಕ್ಕರೆ ಕಾಯಿಲೆ. ಐವತ್ತು ಹೆಜ್ಜೆ ನಡೆದರೆ ಮೀನಖಂಡ ಹಿಂಡಿದಂತಾಗಿ ನಿಂತುಬಿಡುತ್ತಿದ್ದ ಮನುಷ್ಯ. ನದಾಫರು ನಾಲ್ಕು ತಾಸು ಒದ್ದಾಡಿ ತಂತಿ ದಾಟಿಸಿದ್ದರು. "ಸುಣ್ಣದ ಕಲ್ಲಾಗೇತಿ ನಾಳ. ಇದೊಂದು ಸಲ ದಾಟೇತಿ, ಮತ್ತ ದಾಟಸ್ತೀನಿ ಅಂತ ಎದಿ ತಟ್ಟಿ ಹೇಳಂಗಿಲ್ಲ" ಎಂದು ಅಂದೇ ಬರೆಸಿದ್ದರು.

ಮೊದಲ ಎಂಟು ದಿನ ಆ ಚುಕ್ಕೆ ಹಳದಿ ಇತ್ತು. ದಿನಕ್ಕೆ ಮುನ್ನೂರು ಹೆಜ್ಜೆ, ಹೆಚ್ಚೆಂದರೆ ನಾನೂರು. ಒಂಬತ್ತನೆಯ ದಿನ ಮಹಾನಂದಾ ಫೋನು ಮಾಡಿದಾಗ ಎತ್ತಿದ್ದು ಅವನ ಹೆಂಡತಿ ಅಂಬವ್ವ.

"ಅವ್ವಾರ, ಚಪ್ಪಲಿ ದಿನಾ ನಾಲ್ಕು ಸಾವಿರ ಹೆಜ್ಜಿ ನಡೀಬೇಕ್ರಿ. ಇಲ್ಲಂದ್ರ ಕಾಲು ಉಳಿಯೂದಿಲ್ಲ" ಎಂದಳು ಮಹಾನಂದಾ. ಸ್ವಲ್ಪ ಗದರಿಸಿಯೇ ಹೇಳಿದಳು, ಅವತ್ತು ಇನ್ನೂ ಹದಿನೇಳು ಹಳದಿ ಚುಕ್ಕೆಗಳಿದ್ದವು.

"ಉಳಿಯೂದಿಲ್ಲಾ?" ಎಂದು ಅಂಬವ್ವ ಕೇಳಿದಳು. ಆಮೇಲೆ, "ಆತ್ರಿ ಅಕ್ಕಾರ, ನಡಸ್ತೀನಿ" ಎಂದಳು.

ಹತ್ತನೆಯ ದಿನ ನಾಲ್ಕು ಸಾವಿರದ ಇನ್ನೂರು ಹೆಜ್ಜೆ. ಹನ್ನೊಂದನೆಯ ದಿನ ಐದು ಸಾವಿರ. ನಾಡಿ ತುಂಬಿ ಬಂದಿತ್ತು, ಪಾದ ಬೆಚ್ಚಗಿತ್ತು. ಪೂರಾ ಹೆಜ್ಜೆ ಬಿದ್ದ ಮೊದಲ ವಾರ ಮುಗಿಯುತ್ತಲೇ ಯಂತ್ರ ಎಡಗಾಲಿನ ಗುರುತು ತೆಗೆದು ಮುದ್ರೆ ಒತ್ತಿತು. ಚುಕ್ಕೆ ಹಸಿರಾಯಿತು. ಆ ಮನೆಯ ಫೋನಿಗೆ ದಿನಾ ಸಂಜೆ ಸಂದೇಶ ಹೋಗತೊಡಗಿತು: ಅಭಿನಂದನೆಗಳು, ನಿಮ್ಮ ಕಾಲು ಚೇತರಿಸಿಕೊಳ್ಳುತ್ತಿದೆ. ಮಹಾನಂದಾಗೆ ಇನ್ನೂರ ನಾಲ್ಕರ ಮೇಲೆ ಒಂಥರಾ ಅಭಿಮಾನ ಬಂತು. ಹೊಸದಾಗಿ ಸೇರಿದವರಿಗೆ ಅದನ್ನೇ ತೋರಿಸಿ, "ಹಿಂಗ ನಡಿಬೇಕು ನೋಡ್ರಿ ಮನಶ್ಯಾ" ಎನ್ನುತ್ತಿದ್ದಳು.

ನಲವತ್ತನೆಯ ದಿನದ ಬೆಳಗ್ಗೆ ಮಹಾನಂದಾ ಕೆಲಸಕ್ಕೆ ಹೊರಟು ಬಾಗಿಲಿಗೆ ಬಂದರೆ ಅವಳ ಚಪ್ಪಲಿ ಇರಲಿಲ್ಲ. ಬೀದಿಯ ತುದಿಯಲ್ಲಿ ಕಸದ ಗಾಡಿ ಹಾಡು ಹಾಕಿಕೊಂಡು ನಿಂತಿತ್ತು. ಅತ್ತೆ ಪಾರವ್ವ ಖಾಲಿ ಬಕೆಟ್ಟು ಹಿಡಿದು ಆರಾಮಾಗಿ ಬರುತ್ತಿದ್ದರು, ಕಾಲಲ್ಲಿ ಸೊಸೆಯ ಚಪ್ಪಲಿ.

"ಅತ್ತಿ, ನನ್ನ ಬಸ್ಸು ಹೋಗ್ತೈತಿ, ನೀವು ನನ್ನ ಚಪ್ಪಲಿ ಹಾಕ್ಕೊಂಡು ಹೋಗೀರಿ!"

"ಕಾಲಿಗೆ ಸಿಕ್ಕದ್ದು ಹಾಕ್ಕೊಂಡು ಹೋದೆವಾ. ಅಷ್ಟಕ್ಕ ಸವದು ಹೋದ್ವೇನು?" ಎಂದು ಅತ್ತೆ ಚಪ್ಪಲಿ ಕಳಚಿ ಕಾಲಿನಿಂದಲೇ ಅತ್ತ ಸರಿಸಿದರು.

ಮಹಾನಂದಾ ಒಂದು ಕಾಲನ್ನು ಚಪ್ಪಲಿಗೆ ತೂರಿಸಿ ಹಾಗೇ ನಿಂತಳು. ಅಂಗಾಲಿನ ಕೆಳಗೆ ಅತ್ತೆಯ ಕಾಲಿನ ಬಿಸಿ ಇನ್ನೂ ಇತ್ತು. ಒಂದೇ ದಿನದಲ್ಲಿ ಮುನ್ನೂರರಿಂದ ನಾಲ್ಕು ಸಾವಿರ ಹೆಜ್ಜೆಗೆ ಹಾರಿದ್ದ ಇನ್ನೂರ ನಾಲ್ಕು ನೆನಪಾಯಿತು.

ಕೇಂದ್ರಕ್ಕೆ ಬಂದವಳೇ ಇನ್ನೂರ ನಾಲ್ಕನ್ನು ತೆರೆದಳು. ಯಾರೂ ನೋಡದ ತೂಕದ ಸಾಲನ್ನು ಹುಡುಕಿ ತೆಗೆದಳು. ಮೊದಲ ಎಂಟು ದಿನ ಎಪ್ಪತ್ತೊಂದು ಕಿಲೋ. ಹತ್ತನೆಯ ದಿನದಿಂದ ನಲವತ್ತೆಂಟು. ಮೂವತ್ತು ದಿನವೂ ನಲವತ್ತೆಂಟು. ಆ ಹೆಜ್ಜೆಗಳು ಹೋದ ದಾರಿ ನಕ್ಷೆಯಲ್ಲಿ ಹೀಗಿತ್ತು: ಬೆಳಗ್ಗೆ ನಳದ ತನಕ, ಆಮೇಲೆ ಕಿರಾಣಿ ಅಂಗಡಿ, ಸಂಜೆ ಓಣಿಯ ಬನಶಂಕರಿ ಗುಡಿ. ಗುಡಿಯಲ್ಲಿ ಸುತ್ತು ಹಾಕಿದ್ದೇ ಹಾಕಿದ್ದು.

ನದಾಫರು ಇನ್ನೊಬ್ಬ ರೋಗಿಯ ಚಿಕಿತ್ಸೆಗೆ ಕೈ ತೊಳೆಯುತ್ತಿದ್ದರು. ಮಹಾನಂದಾ ಹೇಳಿದ್ದನ್ನು ಕೇಳಿ ನಲ್ಲಿ ನಿಲ್ಲಿಸಿದರು.

"ಪೊರೆ ಎಷ್ಟೊತ್ತಿಗೆ ಕರಗತೈತಿ?"

"ಇವತ್ತು ಸಂಜೀಕ ಐದೂ ಐವತ್ತಕ್ಕರಿ ಸರ್."

"ಹಂಗಾರ ಇನ್ನೂ ಇಲ್ಲೇ ಯಾಕ ನಿಂತೀರಿ? ಹೋಗ್ರಿ. ಅಲ್ಲಿಂದ ಫೋನ್ ಮಾಡ್ರಿ, ನಾ ಒಪ್ಪಿಗಿ ಒತ್ತತೀನಿ."

ಗುಳೇದಗುಡ್ಡದ ಬಸ್ಸಿನಲ್ಲಿ ಕೂರಲು ಜಾಗವಿತ್ತು, ಆದರೂ ಮಹಾನಂದಾ ನಿಂತೇ ಹೋದಳು. ಒಂಬತ್ತನೆಯ ದಿನ ತಾನು ಆಡಿದ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಯಾರು ನಡೆಯಬೇಕೆಂದು ತಾನು ಹೇಳಲೇ ಇಲ್ಲ. ಹೇಳಬೇಕಾದ ಮಾತೆಂದು ಅವಳಿಗೆ ಹೊಳೆದಿರಲೂ ಇಲ್ಲ.

ಮಾಗುಂಡಪ್ಪನ ಮನೆ ತಲುಪಿದಾಗ ಹನ್ನೆರಡೂವರೆ. ಪಡಸಾಲೆಯಲ್ಲಿ ಕುಣಿಮಗ್ಗ, ಅಂದರೆ ನೆಲದಲ್ಲಿ ಮೊಣಕಾಲುದ್ದ ಕುಣಿ ತೋಡಿ ಹೂಡಿದ ಮಗ್ಗ. ನೇಯುವವನು ನೆಲದ ಮಟ್ಟಕ್ಕೆ ಕೂತು ಕಾಲು ಕುಣಿಗೆ ಇಳಿಬಿಟ್ಟು, ಅಲ್ಲಿರುವ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾನೆ. ಮಾಗುಂಡಪ್ಪ ಲಾಳಿ ಓಡಿಸುತ್ತ ಕೂತಿದ್ದ. ಹೊಸ್ತಿಲ ಹೊರಗೆ ಕರಿ ಚಪ್ಪಲಿ ಇರಲಿಲ್ಲ. ಅವು ಅಂಬವ್ವನ ಕಾಲಲ್ಲಿದ್ದವು. ಅವಳು ಈಗಷ್ಟೇ ಸಂದಿಯಿಂದ ತಿರುಗಿ ಬರುತ್ತಿದ್ದಳು.

"ಕಾಕಾರ, ಬಲಗಾಲು ಮ್ಯಾಲ ತಗೀರಿ, ನೋಡೂಣು" ಎಂದಳು ಮಹಾನಂದಾ.

"ಆರಾಮ ಐತಿ ಬಿಡ್ರಿ. ಫೋನಿನಾಗೂ ದಿನಾ ಬರ್ತೈತಲ್ಲ."

"ತಗೀರಿ ಅಂದ್ನಿ."

ಅವನು ಎರಡೂ ಕೈಯಿಂದ ಹಿಡಿದು ಕಾಲನ್ನು ಮೇಲೆ ಎತ್ತಿಟ್ಟ. ಪಾದ ತಣ್ಣಗಿತ್ತು. ಕಿರುಬೆರಳು ಮತ್ತು ಅದರ ಪಕ್ಕದ್ದು ಕಪ್ಪಾಗಿದ್ದವು. ಅಂಬವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕುಣಿಯ ಕತ್ತಲಲ್ಲಿದ್ದ ಕಾಲನ್ನು ಅವಳೂ ವಾರದಿಂದ ನೋಡಿರಲಿಲ್ಲ.

"ಬ್ಯಾನಿ ಆಗ್ತಿದ್ದಿಲ್ಲೇನ್ರಿ?" ಎಂದು ಮಹಾನಂದಾ ಕೇಳಿದಳು.

"ಆಗ್ತಿತ್ತವಾ. ಮಲಗಿದ್ರೂ ಆಗ್ತಿತ್ತು. ಆದ್ರ ಅಷ್ಟು ದೊಡ್ಡ ಮಿಷನ್ನು ಆರಾಮ ಐತಿ ಅಂತ ಹೇಳಾಕತ್ತಿತ್ತು. ನಂಗ ಏನೋ ಭ್ರಮಾ ಅಂತ ಸುಮ್ಮನಿದ್ದೆ." ಅವನು ಹೆಂಡತಿಯತ್ತ ತಿರುಗಿದ. "ನೀ ಚಪ್ಪಲಿ ಹಾಕ್ಕೊಂಡು ಏನು ಮಾಡ್ತಿದ್ದೀ? ಅದು ಚೀರೂದು ಬಿಟ್ಟಿತು, ಕಾಲು ಆರಾಮಾತು ಅಂತ ಬಿಟ್ಟಿರಬೇಕು ಅನಕೊಂಡಿದ್ದೆ ನಾ."

"ನಿಮ್ಮ ಸಲುವಾಗಿ ನಡದೆ" ಎಂದಳು ಅಂಬವ್ವ. ಆಮೇಲೆ ಮಹಾನಂದಾಳ ಕಡೆ ತಿರುಗಿ ಜೋರಾಗಿಯೇ ಹೇಳಿದಳು. "ಇವರು ಮಗ್ಗ ಬಿಟ್ಟು ಏಳಾವರಲ್ರಿ ಅಕ್ಕಾರ. ಕುಣ್ಯಾಗ ಚಪ್ಪಲಿ ಹಾಕ್ಕೊಂಡು ಇಳಿಯಾಕ ಬರ್ತೈತೇನು? ಮಗ್ಗಂದ್ರ ದೇವರು. ನಾ ಅಂದೆ, ಇವರ ಹೆಸರಲೆ ನಾನ ನಡದ್ರಾತು. ಮಗಾಗ ಜ್ವರಾ ಬಂದ್ರ ತಾಯಿ ಗುಡಿ ಸುತ್ತ ದೀಡ ನಮಸ್ಕಾರ ಹಾಕೂದಿಲ್ಲೇನ್ರಿ? ಅದು ಮಗಾಗ ಮುಟ್ಟೂದಿಲ್ಲೇನು? ನಡಿಯೂದ ಐತಿ ಅಂದ ಮ್ಯಾಲ ಗುಡಿ ಸುತ್ತರ ನಡಿಯೂಣು ಅಂತ ಸುತ್ತಿದೆ. ಒಂದು ದಿನಾನೂ ತಪ್ಪಿಸಿಲ್ಲ."

ಮಹಾನಂದಾಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಮೇಲೆಯೇ ಅಸಹ್ಯವಾಯಿತು.

ಚಪ್ಪಲಿ ಬಿಡಿಸಿ ಮಾಗುಂಡಪ್ಪನ ಕಾಲಿಗೆ ಹಾಕಿಸಿದಳು. ಓಣಿಯಲ್ಲಿ ನಲವತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅವನು ಗೋಡೆ ಹಿಡಿದ. ಕೇಂದ್ರದಿಂದ ತಂದಿದ್ದ ಟ್ಯಾಬಿನ ಮೇಲೆ ಕೆಂಪು ಬರಲೆಂದು ಮಹಾನಂದಾ ಕಾದಳು. ಬಂದದ್ದು ಬೇರೆ: ಅಪರಿಚಿತ ಪಾದ, ದಯವಿಟ್ಟು ರೋಗಿಯೇ ಧರಿಸಿ.

ಮಹಾನಂದಾ ಕಟ್ಟೆಯ ಮೇಲೆ ಕೂತಳು. ಯಂತ್ರದ ಪಾಲಿಗೆ ಮಾಗುಂಡಪ್ಪನೆಂದರೆ ನಲವತ್ತೆಂಟು ಕಿಲೋದ ಒಂದು ಹೆಣ್ಣಿನ ಎಡಗಾಲು. ಅಸಲು ಮಾಗುಂಡಪ್ಪನೇ ಈಗ ಕಳ್ಳ.

ಚಿಕಿತ್ಸೆ ಮುಗಿಸಿ ನದಾಫರು ಫೋನಿಗೆ ಸಿಕ್ಕಾಗ ಎರಡು ಗಂಟೆ. ಗುರುತು ಅಳಿಸಿ ಹೊಸದು ತೆಗೆಯಲು ಏಳು ದಿನದ ನಡಿಗೆ ಬೇಕು ಎಂದರು. ಗುರುತು ಸಿಗದ ಕಾಲಿಗೆ ಆದೇಶ ಕಳಿಸುವ ಅಧಿಕಾರ ತಮಗಿರಲಿ, ಮೇಲಿನವರಿಗೂ ಇಲ್ಲ ಎಂದರು. ಫೋನಿನ ದನಿ ಅಂಗಳದಲ್ಲಿ ಎಲ್ಲರಿಗೂ ಕೇಳುತ್ತಿತ್ತು.

"ಎಡಗಾಲು ಗುರುತು ಹತ್ತಬೇಕು. ಬಲಗಾಲಿನ್ಯಾಗ ನಾಡಿ ಬಿದ್ದದ್ದು ಎರಡು ಸಲ ಕಾಣಬೇಕು, ನಡುವ ಒಂದು ತಾಸು ಅಂತರಾ ಇರಬೇಕು. ಅಂದ್ರ ಅಷ್ಟ ಅದು ನನ್ನ ಒಪ್ಪಿಗಿ ಕೇಳ್ತೈತಿ. ಪೊರೆ ಹೋತಂದ್ರ ಮೊಣಕಾಲಿನ ಕೆಳಗ ತಗೀಬೇಕಾಗ್ತೈತಿ ಮಹಾನಂದಾ. ಅವರಿಗೆ ಹೇಳ್ರಿ."

ಹೇಳುವುದೇನೂ ಉಳಿದಿರಲಿಲ್ಲ. ಮಾಗುಂಡಪ್ಪ ಮಗ್ಗವನ್ನೇ ನೋಡುತ್ತಿದ್ದ. ಒಂದು ಕಾಲಲ್ಲಿ ಎರಡು ಹಲಗೆ ತುಳಿದವರು ಯಾರೂ ಇಲ್ಲ. ಹನ್ನೆರಡನೆಯ ವಯಸ್ಸಿಗೆ ಆ ಕುಣಿಗೆ ಇಳಿದವನಿಗೆ ಬೇರೆ ಕೆಲಸವೂ ಗೊತ್ತಿರಲಿಲ್ಲ.

ಅಂಬವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. "ಅಕ್ಕಾರ, ಎಡಗಾಲು ನಂದಿರಬೇಕು, ಬಲಗಾಲು ಅವರದಿರಬೇಕು. ಅಷ್ಟ ಅಲ್ರಿ?"

"ಹೌದ್ರಿ, ಆದ್ರ..."

"ಹಂಗಾರ ಎಡಾ ನಾ ಹಾಕ್ಕೋತೀನಿ. ಬಲಾ ಅವರಿಗೆ ಹಾಕ್ರಿ."

ಮಹಾನಂದಾ ಅವಳ ಮುಖ ನೋಡಿದಳು. ಎಂಟು ವರ್ಷ ಈ ಯಂತ್ರದ ಜೊತೆ ಕೆಲಸ ಮಾಡಿದವಳಿಗೆ ಹೊಳೆಯದ್ದು ಈ ಹೆಂಗಸಿಗೆ ಹೊಳೆದಿತ್ತು. ಫೋನಿನಲ್ಲಿ ನದಾಫರು ಸಣ್ಣಗೆ ನಕ್ಕದ್ದು ಕೇಳಿಸಿತು.

ಇಬ್ಬರೂ ಓಣಿಗಿಳಿದರು. ಎಡಕ್ಕೆ ಅಂಬವ್ವ, ಬಲಕ್ಕೆ ಮಾಗುಂಡಪ್ಪ. ಹೊರಗಿನ ಎರಡು ಕಾಲಿಗೆ ಒಂದೊಂದು ಚಪ್ಪಲಿ, ಒಳಗಿನ ಎರಡು ಕಾಲು ಬರಿಗಾಲು. ಅವನ ತೋಳು ಅವಳ ಹೆಗಲ ಮೇಲೆ, ಅವಳ ಕೈ ಅವನ ನಡುವಿಗೆ. ನಾಲ್ಕು ಹೆಜ್ಜೆ ಹಾಕಿದರು, ಟ್ಯಾಬು ಒಪ್ಪಲಿಲ್ಲ. ಎರಡೂ ಚಪ್ಪಲಿ ಒಟ್ಟಿಗೇ ನೆಲಕ್ಕೆ ಬೀಳುತ್ತಿದ್ದವು, ಯಾರೋ ಕುಪ್ಪಳಿಸುತ್ತಿದ್ದಾರೆಂದು ಯಂತ್ರ ತಿಳಿಯಿತು. ಎದುರು ಮನೆಯ ಕಟ್ಟೆಯಿಂದ ಒಬ್ಬ ಮುದುಕಿ ಕೂಗಿದಳು: "ಏನ ಅಂಬವ್ವಾ, ಮುದುಕನ್ನ ಕರಕೊಂಡು ಮೆರವಣಿಗಿ ಹೊಂಟೀಯೇನ?"

"ಹೌದಬೇ, ನೀನೂ ಆರತಿ ತಗೊಂಡು ಬಾ" ಎಂದಳು ಅಂಬವ್ವ, ತಲೆ ಎತ್ತದೆ.

ಮೂರು ಸಲ ತಪ್ಪಿತು. ಗಂಟೆ ಮೂರು ದಾಟಿತು. ಬೆವರು ಒರೆಸಿಕೊಳ್ಳುತ್ತ ಮಾಗುಂಡಪ್ಪ ನಿಂತ.

"ತಡಿ. ಮಗ್ಗ ತುಳದಂಗ ತುಳಿಯೂಣು. ನಾ ಒತ್ತು ಅಂದಾಗ ನನ್ನ ಬಲಾ ಕೆಳಗ, ನಿನ್ನ ಎಡಾ ಮ್ಯಾಲ. ಬಿಡು ಅಂದಾಗ ನಿಂದು ಕೆಳಗ. ಮೂವತ್ತೈದು ವರ್ಷ ಬಾಜೂಕ ಕುಂತು ಲಾಳಿಗೆ ನೂಲು ಸುತ್ತೀ, ನಿನಗ ಆ ತಾಳ ಗೊತ್ತಿಲ್ಲೇನು?"

ಗೊತ್ತಿತ್ತು. ಒತ್ತು, ಬಿಡು, ಒತ್ತು, ಬಿಡು. ಕುಣಿಯೊಳಗಿನ ಎರಡು ಹಲಗೆಗಳು ಓಣಿಗೆ ಎದ್ದು ಬಂದಂತೆ ಇಬ್ಬರೂ ಸಾಗಿದರು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಟ್ಯಾಬಿನ ಮೇಲೆ ಮಾಗುಂಡಪ್ಪನ ಹೆಸರು ಬಂತು. ಮೂವತ್ತೆಂಟನೆಯ ಹೆಜ್ಜೆಗೆ ಅವನ ಮುಖ ಕಿವುಚಿತು, ಬಲಗಾಲಿನ ನಾಡಿಯ ಗೆರೆ ಮಲಗಿಬಿಟ್ಟಿತು. ಚುಕ್ಕೆ ಕೆಂಪಾಯಿತು. ಕೆಂಪು ಚುಕ್ಕೆ ಕಂಡು ಮಹಾನಂದಾ ಸಂತೋಷಪಟ್ಟದ್ದು ಅದೇ ಮೊದಲು.

ಒಂದು ತಾಸು ಕಾಯಬೇಕಿತ್ತು. ಅಂಬವ್ವ ಚಹಾ ಮಾಡಿದಳು, ಯಾರೂ ಕುಡಿಯಲಿಲ್ಲ. ನಾಲ್ಕೂವರೆಗೆ ಎರಡನೆಯ ನಡಿಗೆ. ಈ ಸಲ ಮೊದಲು ಸೋತದ್ದು ಅಂಬವ್ವನ ಮೊಣಕಾಲು. ತಿಂಗಳಿಡೀ ಗುಡಿ ಸುತ್ತಿದ ಕಾಲು ಅದು, ಗಂಡನ ಭಾರಕ್ಕೆ ಕುಸಿಯಿತು, ಚಪ್ಪಲಿ ಕಳಚಿ ಬಿತ್ತು. ಮತ್ತೆ ಮೊದಲಿಂದ. ಐದೂ ಹತ್ತಕ್ಕೆ ಇನ್ನೊಮ್ಮೆ ತಾಳ ತಪ್ಪಿತು. ಐದೂ ಇಪ್ಪತ್ತೈದಕ್ಕೆ ಗೆರೆ ಎರಡನೆಯ ಬಾರಿ ಮಲಗಿತು. ಆಸ್ಪತ್ರೆಯಲ್ಲಿ ನದಾಫರು ಒಪ್ಪಿಗೆ ಒತ್ತಿದರು.

ಮಾಗುಂಡಪ್ಪ ಕಟ್ಟೆಯ ಮೇಲೆ ಕೂತ, ಅಂಬವ್ವ ಅವನಿಗೆ ಅಂಟಿಕೊಂಡು ಕೂತಳು, ಚಪ್ಪಲಿ ಹಾಕಿದ ಕಾಲುಗಳನ್ನು ಇಬ್ಬರೂ ನೆಲಕ್ಕೆ ಊರಿದ್ದರು. ಬಲ ಚಪ್ಪಲಿ ಬಿಸಿಯಾಯಿತು. ಅವನು ಹಲ್ಲು ಕಚ್ಚಿಕೊಂಡ. ಪೊರೆ ಸೆಟೆಯಲು ಹನ್ನೊಂದು ನಿಮಿಷ ಬೇಕು, ಆ ಹನ್ನೊಂದು ನಿಮಿಷವೂ ಮಹಾನಂದಾ ಅವನ ಪಾದದ ಮೇಲಿಂದ ಕೈ ತೆಗೆಯಲಿಲ್ಲ. ಮೊದಲು ಹಿಮ್ಮಡಿ ಬೆಚ್ಚಗಾಯಿತು, ಆಮೇಲೆ ಅಂಗಾಲು, ಆಮೇಲೆ ಹೆಬ್ಬೆರಳು. ಇಷ್ಟು ವರ್ಷ ಪರದೆಯ ಮೇಲೆ ಅಂಕಿಯಾಗಿ ನೋಡಿದ್ದನ್ನು ಅವಳು ಮೊದಲ ಸಲ ಕೈಯಲ್ಲಿ ಮುಟ್ಟಿ ನೋಡಿದಳು. ಅವಳಿಗೆ ಅಳು ಬಂತು, ಅತ್ತಳು.

ಎರಡು ಬೆರಳು ಉಳಿಯಲಿಲ್ಲ. ಕಾಲು ಉಳಿಯಿತು.

ಮಹಾನಂದಾ ವರದಿಯಲ್ಲಿ ಎಲ್ಲವನ್ನೂ ಬರೆದಳು, ಒಂಬತ್ತನೆಯ ದಿನದ ತನ್ನ ಫೋನಿನ ಮಾತನ್ನೂ ಬಿಡಲಿಲ್ಲ. ಮೇಲಿನವರು ತೂಕವನ್ನು ಲೆಕ್ಕಕ್ಕೆ ಸೇರಿಸಿದರು. ರೋಗಿಯೇ ಧರಿಸತಕ್ಕದ್ದು ಎಂದು ಚಪ್ಪಲಿಯ ಮೇಲೆ ಚೀಟಿ ಅಂಟಿಸಿದರು. ಅದು ವಾರದೊಳಗೆ ಸವೆದುಹೋಗುತ್ತಿತ್ತು. ಮಾಗುಂಡಪ್ಪನ ಗಾಯ ಮಾದ ಮೇಲೆ ಅವನ ಎಡಗಾಲಿನ ಗುರುತನ್ನು ಹೊಸದಾಗಿ ತೆಗೆದರು. ಕಾವಲು ಇನ್ನೂ ಮೂರು ತಿಂಗಳು ನಡೆಯಬೇಕಿತ್ತು.

ಒಂದು ಬೆಳಗ್ಗೆ ಇನ್ನೂರ ನಾಲ್ಕರ ನಕ್ಷೆಯಲ್ಲಿ ಹೆಜ್ಜೆಗಳು ಮತ್ತೆ ಬನಶಂಕರಿ ಗುಡಿಯನ್ನು ಸುತ್ತುತ್ತಿದ್ದುದು ಮಹಾನಂದಾಳ ಕಣ್ಣಿಗೆ ಬಿತ್ತು. ಚುಕ್ಕೆ ಹಸಿರಿದ್ದರೂ ಫೋನು ಮಾಡಿದಳು. ಎತ್ತಿದ್ದು ಅಂಬವ್ವ.

"ಅವ್ವಾರ, ಎಲ್ಲಿದ್ದೀರಿ?"

"ಮನ್ಯಾಗ ಅದೀನ್ರಿ ಅಕ್ಕಾರ. ಎರಡೂ ಮೊಣಕಾಲು ಹಿಡದಾವು, ಹೊಸ್ತಿಲಾ ದಾಟಾಕ ಆಗವಲ್ದು."

"ಮತ್ತ ಚಪ್ಪಲಿ ಗುಡಿ ಸುತ್ತಾಕತ್ತಾವಲ್ರಿ?"

ಅಂಬವ್ವ ನಕ್ಕಳು. "ನಾ ಬ್ಯಾಡಂದೆ, ಕೇಳಲಿಲ್ರಿ. ನನ್ನ ಸಲುವಾಗಿ ಅವರು ನಡಿಯಾಕ ಹೋಗ್ಯಾರ."

ಮಹಾನಂದಾ ತೂಕದ ಸಾಲು ತೆರೆದು ನೋಡಿದಳು. ಎಪ್ಪತ್ತೊಂದು ಕಿಲೋ ಐದನೆಯ ಸುತ್ತು ಮುಗಿಸಿ ಆರನೆಯದಕ್ಕೆ ತಿರುಗುತ್ತಿತ್ತು.